ಸೊಳ್ಳೆ ಮಾಸ್ತರರ ಮಾದರಿ ಬಕೆಟ್

ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಎಳೆದು ನೋಡುವ ಸ್ವಭಾವ ಸೊಳ್ಳೆ ಮಾಸ್ತರರದು. ಹಿಂದಿನ ಸಂಜೆ ಪ್ರಯೋಗಾಲಯದ ಬೀಗದ ಚಿಂತೆಯಲ್ಲೇ ಸೊಳ್ಳೆಪಂಜರದ ಬಟ್ಟೆಬಾಯಿಗೆ ಗಂಟು ಹಾಕುವುದನ್ನು ಮರೆತರು. ಬೆಳಿಗ್ಗೆ ಬಂದರೆ ಬೀಗ ಭದ್ರವಾಗಿತ್ತು, ಪಂಜರ ಖಾಲಿ. ತೆರೆದ ಬಾಗಿಲಿನಿಂದ ಸೊಳ್ಳೆಗಳು ಹೊರಬಿದ್ದದ್ದೇ ತಡ, ಸಹೋದ್ಯೋಗಿಗಳೆಲ್ಲ ಮಂತ್ರಿಯ ಭಾಷಣ ಕೇಳಿದವರ ಹಾಗೆ ಚಪ್ಪಾಳೆ ತಟ್ಟತೊಡಗಿದರು.

"ಹೊಡೀಬೇಡ್ರಪ್ಪ, ರೋಗ ಇಲ್ಲದ ಸೊಳ್ಳೆಗಳು ಅವು," ಎಂದು ಗೋಗರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಕಚ್ಚೋವಾಗ ಸರ್ಟಿಫಿಕೇಟ್ ತೋರ್ಸಲ್ವಲ್ಲ ಸಾರ್," ಎಂದ ಗುಮಾಸ್ತ, ಅಂಗೈ ಒರೆಸಿಕೊಳ್ಳುತ್ತ.

ಸೊಳ್ಳೆಯಿಂದ ಆನೆಕಾಲು ರೋಗ ಹರಡುವುದನ್ನು ತಡೆಯುವುದು ಹೇಗೆ ಎಂಬುದು ಮಾಸ್ತರರ ಸಂಶೋಧನೆ. ಆ ಯೋಜನೆಯನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ಅಂದೇ ಮಧ್ಯಾಹ್ನ ಸಮಿತಿ ಬರುವುದಿತ್ತು. ಮುಚ್ಚಿದರೆ ಇವರ ಕೆಲಸವೂ ಹೋದಂತೆ. ತೋರಿಸಲು ಸೊಳ್ಳೆಮರಿಗಳಾದರೂ ಸಿಕ್ಕಾವೆಂದು ತಮ್ಮ ಬೀದಿಗೆ ಓಡಿದರು.

ಎಡವಟ್ಟಾದದ್ದೇ ಅಲ್ಲಿ. ನೀರು ನಿಲ್ಲಿಸಬೇಡಿ ಎಂದು ಆ ಬೀದಿಯವರ ತಲೆ ತಿಂದೇ ಇವರು ಸೊಳ್ಳೆ ಮಾಸ್ತರರಾದದ್ದು.

"ನಿಮ್ಮ ಡ್ರಮ್ಮಲ್ಲಿ ಸೊಳ್ಳೆಮರಿ ಇದಾವಾ?" ಎಂದು ದರ್ಜಿಯನ್ನು ಕೇಳಿದರು.

ದರ್ಜಿ ಬಾಯಲ್ಲಿದ್ದ ದಾರ ಉಗುಳಿದ. "ನಮ್ಮನೇಲಾ? ಬೇಕಾದ್ರೆ ಡ್ರಮ್ಮೊಳಗೆ ಇಳಿದು ನೋಡಿ ಸಾರ್."

"ಇದ್ರೆ ಬೈಯಲ್ಲಪ್ಪ. ನಂಗೇ ಬೇಕಾಗಿದೆ."

"ಹೋದ್ಸಲಾನೂ ಬೈಯಲ್ಲ ಅಂತಾನೇ ಶುರು ಮಾಡಿದ್ರಿ."

ಮಾಸ್ತರರು ತಪಾಸಣೆಗೆ ಬಂದರೆಂದು ಹಿತ್ತಲ ಬಾಗಿಲಿನಿಂದ ಸುದ್ದಿ ಹೊರಟಿತು. ಅವರು ಪಕ್ಕದ ಮನೆ ಮುಟ್ಟುವಷ್ಟರಲ್ಲಿ ಬೀದಿಯುದ್ದಕ್ಕೂ ದಬದಬ ನೀರು ಚೆಲ್ಲುವ ಸದ್ದು. ಮೂಲೆಮನೆಯ ದೊಡ್ಡಮ್ಮ ತಮ್ಮ ನಾಯಿ ಕುಡಿಯುತ್ತಿದ್ದ ಬಟ್ಟಲನ್ನೂ ಕಿತ್ತು ಬೋರಲು ಹಾಕಿದರು. ನಾಯಿ ಮಾಸ್ತರರನ್ನು ದುರುಗುಟ್ಟಿ ನೋಡಿತು.

"ದೊಡ್ಡಮ್ಮ, ಒಂದು ಲೋಟ ಕೊಳೆನೀರು ಇದ್ರೂ ಸಾಕು..."

"ನಂಗೆ ವಯಸ್ಸಾಗಿದೆ ಕಣಪ್ಪ, ಬುದ್ಧಿ ಹೋಗಿಲ್ಲ."

ಜೋಲುಮೋರೆ ಹಾಕಿಕೊಂಡು ಮನೆಗೆ ಬಂದರೆ, ಮೆಟ್ಟಿಲ ಕೆಳಗೆ ಬಕೆಟ್ ಕಂಡಿತು. 'ಹೀಗೆ ನೀರು ನಿಲ್ಲಿಸಬಾರದು' ಎಂದು ಬರೆದು ಅಂಟಿಸಿ, ಬೀದಿಯವರಿಗೆ ಮಾದರಿಯೆಂದು ತೋರಿಸಿ, ಆಮೇಲೆ ತಾವೇ ಮರೆತದ್ದು. ಒಳಗೆ ಬೆಳಗಿನ ಬಸ್ಸಿನಂತೆ ಮರಿಗಳು ಕಿಕ್ಕಿರಿದಿದ್ದವು.

"ಚೆಲ್ಲಿ ಅಂದಿದ್ದಕ್ಕೆ, ಮಾದರಿ ಇರ್ಲಿ ಅಂತ ನಂಗೇ ಪಾಠ ಮಾಡಿದ್ರಿ," ಎಂದಳು ಹೆಂಡತಿ. ಮಾಸ್ತರರು ಬಕೆಟ್ ತಬ್ಬಿಕೊಂಡು ಪ್ರಯೋಗಾಲಯಕ್ಕೆ ಓಡಿದರು.

ಸಮಿತಿಯ ಅಧ್ಯಕ್ಷೆ ನಗುನಗುತ್ತಲೇ ಬಂದರು. "ನಿಮ್ಮ ಬೀದಿ ನೋಡ್ಕೊಂಡೇ ಬಂದ್ವಿ. ನಿಂತ ನೀರು ಒಂದ್ಕಡೆನೂ ಇಲ್ಲ, ನಾಯಿಗೂ ಇಲ್ಲ. ದೊಡ್ಡ ಗೆಲುವು. ಇನ್ನು ಯೋಜನೆ ಮುಚ್ಚಿಬಿಡೋಣ."

ಮಾಸ್ತರರು ಬಕೆಟ್ಟನ್ನು ಅವರ ಮುಂದಿಟ್ಟರು. "ಬೇಡ ಮೇಡಂ, ಇಲ್ನೋಡಿ, ಇನ್ನೂ ಇದಾವೆ."

"ಯಾರ ಮನೇದು ಈ ಬಕೆಟ್?"

ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ನಮ್ದೇ."

ಅಧ್ಯಕ್ಷೆ ಬಗ್ಗಿ ಅಂಟಿಸಿದ್ದನ್ನು ಓದಿದರು. "ಹಾಗಾದ್ರೆ ಮುಂದುವರೀಲಿ."

ಮಾಸ್ತರರು ಕೈಮುಗಿದರು.

"ನಿಮ್ಮ ಮನೆಯೊಂದ್ರಲ್ಲೇ. ತಪಾಸಣೆ ಬೀದಿಯವರು ಮಾಡ್ಲಿ, ಅವರಿಗೆ ಚೆನ್ನಾಗಿ ಗೊತ್ತು."

ಸಂಜೆಯ ಹೊತ್ತಿಗೆ ಸುದ್ದಿ ಅವರಿಗಿಂತ ಮೊದಲೇ ಬೀದಿ ಸೇರಿತ್ತು. ದೊಡ್ಡಮ್ಮ ಟಾರ್ಚ್ ಹಿಡಿದು ಮಾಸ್ತರರ ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ನಾಯಿ.

"ಹೆದರ್ಬೇಡಪ್ಪ, ಬೈಯಲ್ಲ," ಎಂದು ಎದ್ದರು. "ಮೊದ್ಲು ಬಚ್ಚಲು ತೋರ್ಸು."