ಗುರುಬಾಯಿಗೆ ತೊಂಬತ್ತಾರು ಮಾರ್ಕು

ಈ ಕಟ್ಟಡದ ಹದಿನಾರು ಮನೆಗಳನ್ನು ಅಜ್ಞಾನದಿಂದ ಉದ್ಧಾರ ಮಾಡುವವನು ತಾನೇ ಎಂದು ತಿರುಮಲೇಶ 1987ರ ಒಂದು ಶನಿವಾರ ಸಂಜೆ, ಇನ್ನೂ ಚಪ್ಪಲಿ ಬಿಡುವ ಮೊದಲೇ ಘೋಷಿಸಿದ!

ಸಾಂತಾಕ್ರೂಜ್‌ನ ಆ ಸೊಸೈಟಿಯಲ್ಲಿ ಟಪಾಲು ಡಬ್ಬಿಗಳ ಪಕ್ಕ ದಾರ ಕಟ್ಟಿದ ನೋಟ್‌ಬುಕ್ ಒಂದು ತೂಗುತ್ತಿತ್ತು. ಧೋಬಿ, ಹಾಲಿನವನು, ಪ್ಲಂಬರ್, ಪಾತ್ರೆ ತೊಳೆಯುವವಳು, ಹೀಗೆ ಯಾರ ಕೆಲಸ ಹೇಗೆ ಎಂದು ಪ್ರತಿ ಮನೆಯವರೂ ಅದರಲ್ಲಿ ಬರೆಯಬೇಕು. ಬೇಕಾದವರು ಓದಿ, ಹೋಲಿಸಿ, ಒಳ್ಳೆಯವರನ್ನು ಇಟ್ಟುಕೊಳ್ಳಬೇಕು. ತಿರುಮಲೇಶ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್, ದಿನವಿಡೀ ಸ್ಕ್ರೂಗಳನ್ನು ಅಳೆದು ಪಾಸು, ಫೇಲು ಮಾಡುವ ಮನುಷ್ಯ. ನೋಟ್‌ಬುಕ್ಕಿನ ‘ಸುಮಾರು’, ‘ಏನೋ ಮಾಡುತ್ತಾಳೆ’ ಎಂಬಂಥ ಷರಾಗಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ತಮ್ಮ ಮನೆಗೆಲಸದ ಗುರುಬಾಯಿಯ ಪುಟ ತೆಗೆದಾಗ ಉರಿ ನೆತ್ತಿಗೇರಿತು. ‘ಹೊತ್ತಿಗೆ ಬರುವುದಿಲ್ಲ. ಪಾತ್ರೆಯಲ್ಲಿ ಜಿಡ್ಡು ಉಳಿಯುತ್ತದೆ.’ ಅಕ್ಷರ ಅವನ ಹೆಂಡತಿ ವಿಮಲಾಳದ್ದೇ! ಅದನ್ನು ಬರೆದ ಮೇಲೆ ವಿಮಲಾ ಲೋಕಲ್ ರೈಲಿನಿಂದ ಇಳಿಯುವಾಗ ಬಿದ್ದು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಳು. ಪ್ಲಾಸ್ಟರ್ ಬಿಚ್ಚಲು ಇನ್ನೂ ಒಂದು ತಿಂಗಳಿತ್ತು. ಗುರುಬಾಯಿ ಬರದಿದ್ದರೆ ಮನೆಯಲ್ಲಿ ಒಂದು ಲೋಟವೂ ತೊಳೆಯುವ ಗತಿಯಿರಲಿಲ್ಲ. ಆ ಹೆಂಗಸು ನನ್ನ ಪಾಲಿನ ದೇವರು ಎಂದು ವಿಮಲಾ ದಿನಕ್ಕೆರಡು ಸಲ ಹೇಳುವುದನ್ನು ಅವನೇ ಕೇಳಿದ್ದ.

ದೇವರಿಗೆ ಇಂಥ ಅನ್ಯಾಯವೇ? ಅವನು ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಭಾನುವಾರ ಗುರುಬಾಯಿ ತೊಳೆದಿಟ್ಟ ಇಪ್ಪತ್ತೈದು ಪಾತ್ರೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ, ಬೆರಳಾಡಿಸಿದ, ಮೂಸಿಯೂ ನೋಡಿದ. ಸೌಟಿನ ಕುತ್ತಿಗೆಯಲ್ಲಿ ಒಂದು ಕರಿಬೇವಿನ ಚೂರು ಸಿಕ್ಕಿತು. ನಾಲ್ಕು ಮಾರ್ಕು ಕತ್ತರಿಸಿದ. ಉಳಿದವರಿಗೆಲ್ಲ ನೋಟ್‌ಬುಕ್ಕಿನ ಷರಾ ನೋಡಿಯೇ ಮಾರ್ಕು ಹಾಕಿದ. ಎರಡನೇ ಮಹಡಿಯಲ್ಲಿ ಕೆಲಸ ಮಾಡುವ ಹನುಮವ್ವನ ಮೇಲೆ ಬೈಗುಳವೋ ಬೈಗುಳ. ಅವಳಿಗೆ ಮೂವತ್ತೊಂದು ಬಂತು. ಆಮೇಲೆ ಡ್ರಾಯಿಂಗ್ ಶೀಟಿನ ಮೇಲೆ ಕೆಂಪು, ನೀಲಿ ಗೆರೆ ಎಳೆದು ಭರ್ಜರಿ ಕೋಷ್ಟಕ ಬರೆದು ನೋಟೀಸ್ ಬೋರ್ಡಿಗೆ ಹಚ್ಚಿದ. ಪ್ರಥಮ ರ‍್ಯಾಂಕು ಗುರುಬಾಯಿ, 96! ಸೊಸೈಟಿಯ ಸೆಕ್ರೆಟರಿ ಬಸವಂತರಾಯರು ಅವನ ಕೈ ಕುಲುಕಿ, ಪಕ್ಕದ ಬಿಲ್ಡಿಂಗಿನವರು ಇದನ್ನು ನೋಡಿ ಕಲಿಯಬೇಕು ಎಂದರು. ತಿರುಮಲೇಶ ಆ ಸಂಜೆ ಮೆಟ್ಟಿಲು ಹತ್ತಲಿಲ್ಲ, ತೇಲಿಕೊಂಡು ಬಂದ.

ಸೋಮವಾರ ಗುರುಬಾಯಿ ಬರಲಿಲ್ಲ. ಮಂಗಳವಾರ ಬಂದಳು, ಆದರೆ ಹೊಸ್ತಿಲು ದಾಟಲಿಲ್ಲ. ಮೂರನೇ ಮಹಡಿಯ ಮಲ್ಲವ್ವ, ಅಂದರೆ ಬೆಳಗಾವಿಯ ಬಟ್ಟೆ ವ್ಯಾಪಾರಿ ಶಂಕ್ರೆಪ್ಪನವರ ಹೆಂಡತಿ, ಅವಳನ್ನು ಬೆಳಗಿನ ಹೊತ್ತಿಗೆಲ್ಲ ತಮ್ಮ ಮನೆಯ ಕೆಲಸಕ್ಕೇ ಹಿಡಿದುಹಾಕಿದ್ದರು. ಎರಡು ಹೊತ್ತು ಶುಂಠಿ ಚಹಾ, ಮೇಲೆ ಕಲರ್ ಟೀವಿ.

“ನಾ ಏನ್ ಮಾಡ್ಲಿ ಅಕ್ಕಾರ? ನಾನೇ ಫಸ್ಟ್ ನಂಬರ್ ಅಂತ ಸಾಹೇಬ್ರ ಬರದ್ ಹಚ್ಯಾರಲ್ಲ” ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಟುಹೋದಳು.

ವಿಮಲಾ ಕೆಳಗೆ ಹೋಗಿ ಕೋಷ್ಟಕ ಓದಿ ಬಂದು ಗಂಡನ ಮುಂದೆ ನಿಂತಳು.

“ಅಲ್ಲಾ ರೀ, ಒಳ್ಳೆ ಕೆಲಸದವಳನ್ನ ಯಾರಾದ್ರೂ ಊರ ಮುಂದೆ ಹೊಗಳ್ತಾರಾ? ಎಲ್ಲರೂ ಅವರವರ ಕೆಲಸದವಳನ್ನ ಬೈದೇ ಬರೆಯೋದು. ಇನ್ನೊಬ್ಬರ ಕಣ್ಣು ಬೀಳಬಾರದು ಅಂತ. ಐದು ವರ್ಷ ಕಾಪಾಡಿಕೊಂಡಿದ್ದೆ ನಾನು ಅವಳನ್ನ.”

ಹಾಗಾದರೆ ಅತಿ ಹೆಚ್ಚು ಬೈಸಿಕೊಂಡ ಹನುಮವ್ವನೇ ಅಪ್ಪಟ ಚಿನ್ನ! ತಿರುಮಲೇಶನ ತಲೆ ಚುರುಕಾಯಿತು. ಎರಡನೇ ಮಹಡಿಗೆ ಓಡಿ ಅವಳನ್ನು ಮೆಟ್ಟಿಲ ಮೇಲೇ ಹಿಡಿದು ಬೇಡಿಕೊಂಡ. ಹನುಮವ್ವ ಪೊರಕೆ ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ಮೂವತ್ತೊಂದ್ ಮಾರ್ಕಿನಾಕಿ ನಿಮಗ್ಯಾಕ ಬೇಕ್ರೀ? ನಾ ಫೇಲ್ ಆದಾಕಿ.”

ಮಾತು ಅಷ್ಟಕ್ಕೆ ನಿಲ್ಲಲಿಲ್ಲ. ಆ ಮನೆಯ ಸಾಹೇಬ ತೊಳೆದ ಪಾತ್ರೆ ಮೂಸುತ್ತಾನಂತೆ ಎಂಬ ಸುದ್ದಿ ಗುರುವಾರದೊಳಗೆ ಸ್ಟೇಷನ್ ತನಕ ಹಬ್ಬಿತು. ಯಾವ ಕೆಲಸದವಳೂ ಅವರ ಬಾಗಿಲ ಕಡೆ ತಲೆ ಹಾಕಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ತಿರುಮಲೇಶ ಪ್ಯಾಂಟು ಮಡಚಿ ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕೂತ. ಬೆಳಿಗ್ಗೆ ಲೋಕಲ್ ಹಿಡಿಯುವ ಮುನ್ನ ಒಂದು ರಾಶಿ, ಸಂಜೆ ಬಂದ ಮೇಲೆ ಇನ್ನೊಂದು. ಮೊದಲ ದಿನ ಬಾಣಲೆಗೆ ಸೋತ. ಮೂರನೇ ದಿನದ ಹೊತ್ತಿಗೆ ಸ್ಕ್ರೂ ಪರೀಕ್ಷಿಸುವ ಕೈಗೆ ಪಾತ್ರೆಯ ಮೂಲೆಗಳೂ ಪಳಗಿದವು. ತಾಮ್ರದ ಚೊಂಬು ಮದುವೆಯಲ್ಲಿ ಕೊಟ್ಟ ದಿನವೂ ಅಷ್ಟು ಹೊಳೆದಿರಲಿಲ್ಲ.

ಶನಿವಾರ ಸಂಜೆ ಮಲ್ಲವ್ವ ಹೆಪ್ಪಿಗೆ ಒಂದು ಚಮಚ ಮೊಸರು ಕೇಳುವ ನೆಪದಲ್ಲಿ ಬಂದರು. ಅವರ ಕಣ್ಣು ಅಡುಗೆಮನೆಯ ಸ್ಟ್ಯಾಂಡಿನ ಮೇಲೆ ನೆಟ್ಟಿತು.

“ನಿಮ್ಮ ಯಜಮಾನ್ರು ಭಾಳ ಛಂದ ತಿಕ್ಕತಾರಲ್ರೀ” ಎಂದರು.

ಬಚ್ಚಲಲ್ಲಿ ತಿರುಮಲೇಶನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ಎಲ್ಲಿಂದ ಬಂತು ಛಂದ” ಎಂದಳು ವಿಮಲಾ. “ಕೈ ತೀರಾ ನಿಧಾನ. ದಿನಕ್ಕೆ ಒಂದು ಸೋಪು ನೀರುಪಾಲು. ಹೇಳಿದರೆ ಸಿಟ್ಟು ಬೇರೆ.”

ತಿರುಮಲೇಶನಿಗೆ ನಿಜಕ್ಕೂ ನೋವಾಯಿತು. ಮಲ್ಲವ್ವ ಮೆಟ್ಟಿಲಿಳಿದ ಮೇಲೆ ನೊರೆಗೈಯಲ್ಲೇ ಎದ್ದು ಬಂದು, ಇಷ್ಟು ದುಡಿದದ್ದಕ್ಕೆ ಇದೇನಾ ತನಗೆ ಸಿಗುವ ಮಾರ್ಕು ಎಂದು ದನಿಯೇರಿಸಿ ಕೇಳಿದ.

ವಿಮಲಾ ಎಡಗೈಯಲ್ಲಿ ಬಾಗಿಲ ಚಿಲಕ ಹಾಕಿದಳು.

“ಮೆತ್ತಗೆ ಮಾತಾಡಿ. ಗುರುಬಾಯಿಯನ್ನಂತೂ ಕಳ್ಕೊಂಡೆ, ಇನ್ನು ನಿಮ್ಮನ್ನೂ ಕಳ್ಕೊಳ್ಳಲಾ?”