ನಾನು ಬರೆದ ಬೇಲಿ

ಗಣಿ ಕಡತ ನೋಡುವ ನೌಕರಿಯಲ್ಲಿ ಮರ್ಯಾದೆ ಹೋಗುವುದಕ್ಕೆ ಬಹಳ ಕಷ್ಟಪಡಬೇಕಿಲ್ಲ, ಜೀಪಿನಿಂದ ಕೆಳಗಿಳಿದರೆ ಸಾಕು. ಕಲ್ಲು ತೆಗೆದ ಜಮೀನನ್ನು ಮಾಲೀಕರು ಮತ್ತೆ ಹೇಗೆ ಸರಿಪಡಿಸುತ್ತಾರೆ ಎಂಬ ಯೋಜನೆ ಓದಿ ಒಪ್ಪಿಗೆ ಕೊಡುವುದು ನನ್ನ ಕೆಲಸ. ಓದಿ ಅಂದೆನಲ್ಲ, ಅದೇ ಸುಳ್ಳು. ಕಲಘಟಗಿ ತಾಲೂಕಿನ ಒಂದೇ ಕಲ್ಲಿನ ಖಣಿ ನನ್ನ ಮಾನವನ್ನು ಮೂರು ಸಲ ತೆಗೆದಿದೆ.

ಇದ್ದಲಿ

ಪಂಚಾಯಿತಿ ಕಟ್ಟೆಯ ಮುಂದೆ ಸಭೆ. ಯೋಜನೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಪ್ರತಿ ಪುಟದಲ್ಲೂ 'ಪರಿಶೀಲಿಸಿದೆ' ಎಂದು ನನ್ನ ಸಹಿ ಇತ್ತು, ಆದರೆ ಓದಿದ್ದು ಅವತ್ತೇ ಮೊದಲು. "ಕಲ್ಲಿದ್ದಲಿನ ಪದರ ಮುಗಿದ ನಂತರ..." ಎನ್ನುವಾಗ ಹಾಳೆ ತಿರುವಿ ಮೊದಲ ಪುಟದ ಊರಿನ ಹೆಸರು ನೋಡಿದೆ. ಮಾಲೀಕರು ಯಾವುದೋ ಕಲ್ಲಿದ್ದಲು ಗಣಿಯ ಯೋಜನೆ ತಂದು ಊರಿನ ಹೆಸರಷ್ಟೇ ಬದಲಿಸಿದ್ದರು.

ಖಣಿಯ ಬಾಜೂ ಹೊಲದ ಮುದುಕಿ ಎದ್ದು ನಿಂತಳು. "ಸಾಹೇಬ್ರ, ನನಗ ಇದ್ದಲಿ ಬ್ಯಾಡ. ನನ್ನ ಮೊಮ್ಮಗಳು ಆ ಗುಂಡಿ ದಂಡಿ ಹಿಡದ ಸಾಲಿಗೆ ಹೋಗ್ತಾಳ. ಒಂದು ಬೇಲಿ ಹಾಕಸ್ರಿ."

"ಹಾಕಿಸೂಣು ಆಯಿ" ಅಂದೆ.

ಕೂರುವಾಗ ಅವಳು ಮತ್ತೆ ಕೇಳಿದಳು, "ಇದ್ದಲಿ ಸಿಕ್ರ ಒಂದು ಬುಟ್ಟಿ ಕಳಸ್ರಿ, ಹಸಿ ಕಟ್ಟಿಗಿ ಊದಿ ಸಾಕಾಗೇತಿ."

ಸಸಿ

ತಿದ್ದಿದ ಯೋಜನೆಯಲ್ಲಿ ಬೇಲಿ ಇತ್ತು, ಮಣ್ಣಿನ ದಿಬ್ಬದ ಮೇಲೆ ಸಸಿಗಳೂ ಇದ್ದವು. ನೋಡಲು ಹೋದರೆ ದಿಬ್ಬವೆಲ್ಲ ಹಸಿರು. ಬೇಲಿ ಮುಂದಿನ ತಿಂಗಳು ಎಂದರು ಮಾಲೀಕರು. ಸಸಿಗಳ ಖುಷಿಯಲ್ಲಿ ನಾನೂ ತಲೆಯಾಡಿಸಿದೆ. 'ಒಂದೂ ಸತ್ತಿಲ್ಲ' ಎಂದು ಬರೆಯುತ್ತಿದ್ದಾಗ ಆಯಿ ಬಂದು ಒಂದನ್ನು ಕಿತ್ತು ಕೈಗಿಟ್ಟಳು. ಅದು ಬೇವಿನ ಟೊಂಗೆ.

"ಬೇರು ಎಲ್ಲಿ?" ಅಂದೆ, ದಡ್ಡನ ಹಾಗೆ.

"ನಮ್ಮನಿ ಮುಂದ ಅದಾವ್ರಿ, ಗಿಡದ ಬುಡಕ. ಮುಂಜಾನೆ ಟೊಂಗಿ ಅಷ್ಟ ಕಡಕೊಂಡು ಬಂದಾರ."

ಬೇಲಿ

ಈಗ ಅಲ್ಲಿ ಬೇಲಿ ಇದೆ. ನಾನೇ ನಿಂತು ಹಾಕಿಸಿದ್ದೇನೆ, ಆದರೆ ಅದನ್ನು ಯಾರಿಗೂ ಹೆಮ್ಮೆಯಿಂದ ಹೇಳಿಕೊಳ್ಳಲಾರೆ.

ನಮ್ಮಲ್ಲಿ ವರದಿ ಟೈಪು ಮಾಡಿಸಿಕೊಂಡೇ ಜಾಗ ನೋಡಲು ಹೋಗುವ ರೂಢಿ. ಅದಕ್ಕೂ ಮೊದಲೊಮ್ಮೆ, ಬೇಲಿ ಮುಗಿಯಿತು ಎಂದು ಮಾಲೀಕರು ಫೋನಿನಲ್ಲಿ ಹೇಳಿದ್ದರು. ವರದಿ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದೆ. ಮಳೆ ಬಂದು ಗುಂಡಿ ತುಂಬಿತ್ತು. ಬೇಲಿ ಆಚೆ ಬದಿಗೆ ಇರಬೇಕು ಅಂದುಕೊಂಡು, ಗುಂಡಿಗೆ ಬೆನ್ನು ಮಾಡಿ ದಿಬ್ಬದ ಫೋಟೋ ತೆಗೆಯಲು ಎರಡು ಹೆಜ್ಜೆ ಹಿಂದೆ ಸರಿದೆ. ಮೂರನೆಯ ಹೆಜ್ಜೆಗೆ ನೆಲ ಇರಲಿಲ್ಲ.

ನನಗೆ ಈಜು ಬರುವುದಿಲ್ಲ. ಎಮ್ಮೆ ಕಟ್ಟುವ ಹಗ್ಗ ಎಸೆದು ನನ್ನನ್ನು ಎಳೆದವರು ಆಯಿ ಮತ್ತು ಹೆಗಲಿಗೆ ಸಾಲಿಯ ಪಾಟೀಚೀಲ ಹಾಕಿಕೊಂಡಿದ್ದ ಅವಳ ಮೊಮ್ಮಗಳು. ದಂಡೆಯಲ್ಲಿ ಕೆಮ್ಮುತ್ತ ಕೂತಾಗ ಜೇಬಿನ ಕಾಗದ ಜಾರಿ ಬಿತ್ತು. ಆ ಹುಡುಗಿ ಅದನ್ನು ಬಿಡಿಸಿ, ಸಾಲಿಯಲ್ಲಿ ಪಾಠ ಓದುವ ಧಾಟಿಯಲ್ಲೇ ಓದಿದಳು: "ಗುಂಡಿಯ ಸುತ್ತ ಬೇಲಿ ಹಾಕಲಾಗಿದೆ. ಯಾರಿಗೂ ಅಪಾಯವಿಲ್ಲ."

ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ದಿನಾ ಇದೇ ದಂಡೆಯ ಮೇಲೆ ನಡೆಯುವ ಮಗು ಅದು. ಆಯಿ ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ನನ್ನ ಕಡೆ ಕೈ ಚಾಚಿದಳು.

"ಅಂಗಿ ಬಿಚ್ಚಿ ಕೊಡ್ರಿ ಸಾಹೇಬ್ರ, ಥಂಡಿ ಆದೀತು. ನೀವು ಬರದ ಬೇಲಿ ಮ್ಯಾಲೆ ಒಣ ಹಾಕ್ತೇನಿ."