ಕಾಕಾ ತಂದ ನೀರಿನ ಬೈಕು

ನಮ್ಮ ಕಾಕಾನಿಗೆ ಸರಿಯಾಗಿ ಓಡುವ ಯಂತ್ರ ಕಂಡರೆ ಮುಖ ಬಾಡುತ್ತದೆ. ನಂಬಿ! ಯಾರಾದರೂ ಹೊಸ ಬೈಕು ತೋರಿಸಲು ಮೂಡಲಗಿಯ ಅವನ ಗ್ಯಾರೇಜಿಗೆ ಬಂದರೆ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಛಲೋ ಐತಿ ಬಿಡ್ರಿ" ಎಂದು ಸಾವಿನ ಸುದ್ದಿ ಕೇಳಿದವನಂತೆ ಒಳಗೆ ಹೋಗಿಬಿಡುತ್ತಾನೆ. ಅದೇ ಮೂರು ವರ್ಷದಿಂದ ಕೆಮ್ಮುತ್ತಿರುವ ಪಂಪ್‌ಸೆಟ್ ಬರಲಿ, ಬೀಗರು ಬಂದಂತೆ ಎದುರು ಹೋಗಿ ಬರಮಾಡಿಕೊಳ್ಳುತ್ತಾನೆ!

ಇಂಥವನು ಹೋದ ವರ್ಷ ಗೋವಾಕ್ಕೆ ಹೋದ. ಪರಿಚಯದವರ ದೋಣಿಯ ಎಂಜಿನ್ ರಿಪೇರಿ ಮಾಡಿಕೊಟ್ಟು, ಪಗಾರ ಬೇಡವೆಂದು ಅವರ ಹಿತ್ತಲಲ್ಲಿ ಬಿದ್ದಿದ್ದ ಒಂದು ಸಾಮಾನು ಕೇಳಿಕೊಂಡು ಬಂದ. ಸಮುದ್ರದ ಮೇಲೆ ಪ್ರವಾಸಿಗರು ಬೈಕಿನಂತೆ ಕೂತು ಕಿರುಚುತ್ತ ಹೋಗುತ್ತಾರಲ್ಲ, ಆ ಜೆಟ್ ಸ್ಕೀ! ಇಪ್ಪತ್ತು ವರ್ಷ ಹಳೆಯದು. ಗೋವಾದಲ್ಲಿ ಕಾಯಿಪಲ್ಲೆ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಬಂದದ್ದರಿಂದ ಹ್ಯಾಂಡಲಿಗೆ ಕೊತ್ತಂಬರಿ ಅಂಟಿಕೊಂಡಿತ್ತು.

ಕಾಕೂ, ಅಂದರೆ ಅವನ ಹೆಂಡತಿ, ಬಾಗಿಲಲ್ಲಿ ನಿಂತು ಕೇಳಿದಳು: "ಇದೇನ್ರಿ?"

"ನೀರಾಗ ಓಡೂ ಬೈಕ."

"ಮೂಡಲಗ್ಯಾಗ ಇದನ್ನ ಓಡಸೂವಷ್ಟ ನೀರ ಎಲ್ಲೈತಿ?"

"ಮೊದಲ ಇದ ಚಾಲೂ ಆಗ್ಲಿ. ಆಮ್ಯಾಲೆ ನೀರ ಹುಡುಕೂಣು."

ನಾನು ಅರಭಾವಿಯಲ್ಲಿ ಕೆಲಸ ಮುಗಿಸಿ ಬರುವಾಗ ದಿನಾ ಗ್ಯಾರೇಜಿಗೆ ಇಣುಕತೊಡಗಿದೆ. ಏನಿರಬಹುದು ಅದರ ಹೊಟ್ಟೆಯಲ್ಲಿ? ಕಾಕಾ ಮೊದಲು ಬಿಚ್ಚಿದ್ದು ಕಾರ್ಬೋರೇಟರ್. ಒಂದಲ್ಲ, ಎರಡು! ಅವಳಿ ಮೊಮ್ಮಕ್ಕಳನ್ನು ಎತ್ತಿಕೊಂಡವನಂತೆ ಎರಡು ಅಂಗೈಯಲ್ಲಿ ಹಿಡಿದು ನನಗೆ ತೋರಿಸಿದ.

"ಇದ ನೋಡವಾ, ಎಂಜಿನ್ನಿನ ಅಡಗಿಮನಿ. ಪೆಟ್ರೋಲು, ಗಾಳಿ ಎರಡೂ ಹದಕ್ಕ ಕಲಸಿ ಒಳಗ ಕಳಸತೈತಿ. ಪೆಟ್ರೋಲ ಹೆಚ್ಚಾದ್ರ ಬರೇ ಹೊಗಿ. ಗಾಳಿ ಹೆಚ್ಚಾದ್ರ ಎಂಜಿನ್ ಸುಟ್ಟ ಹೊಕ್ಕೈತಿ."

ಒಳಗಿನ ರಬ್ಬರಿನ ಪದರ ಹಪ್ಪಳದಂತೆ ಸೆಟೆದಿತ್ತು. ಪೆಟ್ರೋಲು ಹಾಯುವ ಸಣ್ಣ ಜಾಲರಿಯಲ್ಲಿ ವರ್ಷಗಳ ಕೆಸರು. ಎಲ್ಲ ತೊಳೆದು, ಹೊಸ ಪೆಟ್ರೋಲು ಸೋಸಲು ಕೈಗೆ ಏನು ಸಿಕ್ಕಿತು ಎನ್ನುತ್ತೀರಿ? ಕಾಕೂನ ಚಹಾದ ಸೋಸಣಿಗೆ! ಸಂಜೆ ಮನೆಗೆ ಬಂದ ನೆಂಟರೊಬ್ಬರು ಒಂದು ಗುಟುಕು ಕುಡಿದು, "ಅಕ್ಕಾರ, ಚಹಾ ಭಾಳ ಸ್ಟ್ರಾಂಗ್ ಆಗೇತ್ರಿ" ಎಂದು ಹೊಗಳಿದರು. ಬೀಡಿ ಹಚ್ಚಲು ಹೊರಟವರನ್ನು ಕಾಕೂ ಓಡಿಹೋಗಿ ತಡೆದಳು!

ಎಂಜಿನ್ ಚಾಲೂ ಆಯಿತು. ಆದರೆ ಕಾಕಾನಿಗೆ ಚಾಲೂ ಆದದ್ದರಲ್ಲಿ ರುಚಿ ಇಲ್ಲವಲ್ಲ! "ಹುಟ್ಟಿದಾಗ ಎಷ್ಟ ಜೋರ ಓಡತಿತ್ತೋ, ಅದಕ್ಕಿಂತ ಜೋರ ಓಡಬೇಕು" ಎಂದ. ಪೆಟ್ರೋಲು ಬಿಡುವ ಹಿತ್ತಾಳೆಯ ಸಣ್ಣ ಜೆಟ್ ತೆಗೆದು, ಒಂದು ನಂಬರು ದೊಡ್ಡ ತೂತಿನದನ್ನು ಹಾಕಿದ. ಗಾಳಿ ಒಳಹೋಗುವ ಬಾಯಿಗೆ, ತೆರೆದು ಮುಚ್ಚುವ ಹೊಸ ಪಟ್ಟಿಗಳನ್ನು ತರಿಸಿದ. ಪರೀಕ್ಷೆ ತುಕ್ಕಾನಟ್ಟಿಯ ಗೆಳೆಯನ ಹೊಲದ ಹೊಂಡದಲ್ಲಿ. ಬೈಕನ್ನು ಹಗ್ಗದಿಂದ ಟ್ರ್ಯಾಕ್ಟರಿಗೆ ಕಟ್ಟಿ, ಎಕ್ಸಲರೇಟರ್ ತಿರುವಿದ್ದೇ ತಡ, ಹಿಂದಿನಿಂದ ಚಿಮ್ಮಿದ ನೀರು ದಂಡೆ ದಾಟಿ ಗೋವಿನಜೋಳದ ಮೇಲೆ ಬಿತ್ತು. ಗೆಳೆಯ ಕುಣಿದಾಡಿದ.

"ಇದನ್ನ ಒಯ್ಯಬ್ಯಾಡ್ರಿ! ಇಲ್ಲೇ ಇರ್ಲಿ, ಇನ್ನೂ ನಾಕ ಸಾಲ ಉಳದಾವು!"

ಅಷ್ಟರಲ್ಲಿ ಎಂಜಿನ್ ಒಮ್ಮೆ ಬಿಕ್ಕಿ ನಿಂತಿತು. ಕಾಕಾ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದ. "ವಿಭೂತಿಯಂಗ ಬೆಳ್ಳಗಾಗೇತಿ. ಪೆಟ್ರೋಲ ಸಾಲವಲ್ದು." ಮತ್ತೆ ದೊಡ್ಡ ಜೆಟ್. ಈಗ ಪೆಟ್ರೋಲು ಹೆಚ್ಚಾಗಿ ಪ್ಲಗ್ ಕಾಡಿಗೆಯಂತೆ ಕಪ್ಪು. ಹಾಗಾದರೆ ಯಾವ ಬಣ್ಣ ಬೇಕು? "ಬೆಲ್ಲದ ಬಣ್ಣ!" ಎಂದ. ಬೆಲ್ಲ ಸಿಗುವವರೆಗೆ ಅವನಿಗೆ ಊಟ ಹತ್ತಲಿಲ್ಲ. ಕಪ್ಪು, ಬಿಳಿ ಪ್ಲಗ್‌ಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ನಿಡಸೋಸಿಗೆ ಹೋದ. ಅಲ್ಲಿ ಎಂಜಿನಿಯರಿಂಗ್ ಓದಿಸುವ ಮೇಷ್ಟ್ರೊಬ್ಬರು ಎರಡು ಹಾಳೆ ತುಂಬ ಲೆಕ್ಕ ಬರೆದುಕೊಟ್ಟರಂತೆ. ಕಾಕಾ ಭಕ್ತಿಯಿಂದ ನೋಡಿ, "ಭಾಳ ಛಲೋ ಐತ್ರಿ ಸರ. ಆದ್ರ ಇದನ್ನ ಎಂಜಿನ್ನಿಗಿ ಓದಿ ಹೇಳಾವ್ರು ಯಾರು?" ಎಂದನಂತೆ. ಮೇಷ್ಟ್ರು ಬಿದ್ದು ಬಿದ್ದು ನಕ್ಕು, ರವಿವಾರ ತಾವೇ ಗ್ಯಾರೇಜಿಗೆ ಬಂದು ಅಂಗಿಯ ತೋಳು ಮಡಚಿ ಕೂತರು. ಮೂರನೆಯ ರವಿವಾರ ಪ್ಲಗ್ ಬೆಲ್ಲದ ಬಣ್ಣಕ್ಕೆ ತಿರುಗಿತು. ಕಾಕಾ ಅದನ್ನು ಹಾಲು ಹಾಕುವವನಿಗೂ ತೋರಿಸಿದ!

ಕೇಳಬೇಕಾದವರನ್ನು ಕೇಳಿ, ಒಂದು ಬೆಳಿಗ್ಗೆ ಬೈಕನ್ನು ಹುಕ್ಕೇರಿ ಕಡೆಯ ಹಿಡಕಲ್ ಹಿನ್ನೀರಿಗೆ ಒಯ್ದೆವು. ಆಗ ಎದ್ದಿತು ನೋಡಿ, ಮೂರು ತಿಂಗಳು ಯಾರೂ ಕೇಳದ ಪ್ರಶ್ನೆ. ಓಡಿಸುವವರು ಯಾರು? ಕಾಕಾನಿಗೆ ಈಜು ಬರುವುದಿಲ್ಲ. ಮೊಣಕಾಲಿನ ಮೇಲೆ ನೀರು ಏರಿದರೆ ಅವನಿಗೆ ಉಸಿರೇ ಸಿಗುವುದಿಲ್ಲ. ನಾನಂತೂ ಎರಡು ಹೆಜ್ಜೆ ಹಿಂದೆ ಸರಿದೆ.

"ನಾ ಹೋಗ್ತೇನಿ" ಎಂದಳು ಕಾಕೂ.

ಗೋಕಾಕದ ಹೊಳೆದಂಡೆಯಲ್ಲಿ ಎಮ್ಮೆಗಳ ಜೊತೆ ಈಜಿ ಬೆಳೆದವಳು. ಮೂರು ತಿಂಗಳು ಊಟಕ್ಕೆ ಕೂತಾಗಲೆಲ್ಲ ಕಾರ್ಬೋರೇಟರ್ ಪುರಾಣ ಕೇಳಿ ಅರ್ಧ ಮೆಕ್ಯಾನಿಕ್ ಆಗಿದ್ದಳು. ಸೀರೆಯನ್ನು ಕಚ್ಚೆ ಹಾಕಿ, ಮೇಲೆ ಲೈಫ್ ಜಾಕೆಟ್ ಬಿಗಿದು ಕೂತಳು. ಮೊದಲು ಮೆಲ್ಲಗೆ, ಆಮೇಲೆ... ಅಯ್ಯೋ! ಅರವತ್ತರ ಕಾಕೂ ನೀರನ್ನು ಬಟ್ಟೆಯಂತೆ ಸೀಳುತ್ತ ಹೋದಳು. ಕಾಕಾ ಕಣ್ಣು ಮುಚ್ಚಿ ಸಪ್ಪಳ ಕೇಳುತ್ತ ನಿಂತಿದ್ದ. "ಕೇಳವಾ, ಎಲ್ಲೂ ಮುಗ್ಗರಸವಲ್ದು!"

ಸಪ್ಪಳ ನಿಂತಿತು.

ದೂರದ ನಡುನೀರಿನಲ್ಲಿ ಕಾಕೂ ಒಂದು ಚುಕ್ಕೆಯಾಗಿ ಕಾಣುತ್ತಿದ್ದಳು. ಅಲುಗಾಟವಿಲ್ಲ. ಕಾಕಾ ಕೂಗಿದ, ಉತ್ತರವಿಲ್ಲ. ಸಹಾಯಕ್ಕೆ ಬಂದಿದ್ದ ಮೀನುಗಾರ ತನ್ನ ದೋಣಿಯ ಹಗ್ಗ ಬಿಚ್ಚಲು ಓಡಿದ. "ಜೆಟ್ ಕಟ್ಟಿರಬೇಕು... ಇಲ್ಲಾ ಪೆಟ್ರೋಲ..." ಎಂದು ಗೊಣಗುತ್ತಿದ್ದ ಕಾಕಾ ಥಟ್ಟನೆ ಮಾತು ನಿಲ್ಲಿಸಿ ನೀರಿಗಿಳಿದ. ಮೊಣಕಾಲು. ಸೊಂಟ. ಎದೆ. "ಕಾಕಾ, ನಿಲ್ಲು!" ಎಂದು ನಾನು ಒದರುತ್ತಲೇ ಇದ್ದೆ. ಅವನು ತಿರುಗಿ ನೋಡಲಿಲ್ಲ.

ಒಮ್ಮೆಲೇ ಎಂಜಿನ್ ಗುಡುಗಿತು. ಕಾಕೂ ಬಾಣದಂತೆ ಬಂದಳು. ಸ್ವಲ್ಪ ದೂರದಲ್ಲೇ ಬಂದ್ ಮಾಡಿ, ನೀರಿಗೆ ಹಾರಿ, ನಾಲ್ಕು ಕೈ ಹಾಕಿ ಅವನನ್ನು ಮುಟ್ಟಿದಳು. ನೀರು ಅವನ ಗದ್ದಕ್ಕೆ ಬಂದಿತ್ತು.

"ಎಲ್ಲಿಗಿ ಹೊಂಟಿದ್ರಿ?"

"ನಿನ್ನ ಕಡೆ." ಹಲ್ಲು ಕಟಕಟ ಎನ್ನುತ್ತಿದ್ದವು.

"ಈಜಾಕ ಬರತೈತೇನು?"

"ಇಲ್ಲ."

"ಕೆಟ್ಟಿರಲಿಲ್ಲರಿ, ನಾನ ಬಂದ ಮಾಡಿದ್ದೆ. ನಡುನೀರಾಗ ಸುಮ್ಮನ ಕುಂತ್ರ ಹೆಂಗ ಅನಸತೈತಿ ನೋಡೂಣು ಅಂತ" ಎಂದಳು, ತಪ್ಪು ಮಾಡಿದವಳಂತೆ.

ಎಂಜಿನ್ ಹೇಗೆ ಓಡಿತೆಂದು ಕಾಕಾ ಕೇಳಲಿಲ್ಲ. ಅವಳ ಒದ್ದೆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ.

"ಹೆಂಗ ಅನಸ್ತು?" ಎಂದ.